ಫೋನಿನಲ್ಲಿ ದೊಡ್ಡ ಡಾಕ್ಟರು

ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ಗಾದೆ. ಮಾತು ಬಲ್ಲವನೊಬ್ಬ ನಡುಮನೆಯಲ್ಲಿ ಸತ್ತು ಮಲಗಿದ್ದ. ಬೆಳಗಿನ ಎಂಟು ಗಂಟೆಗೇ ಅವನ ತಮ್ಮ ಆಸ್ಪತ್ರೆಯಿಂದ ಬಂದ ಪುಷ್ಪಚಕ್ರವನ್ನು ಬೀದಿಗೆ ಎಸೆಯಲು ಎತ್ತಿದ್ದ, ಸತ್ತವನ ಹೆಂಡತಿ ಅದರ ಇನ್ನೊಂದು ಅಂಚು ಹಿಡಿದು ಜಗ್ಗುತ್ತಿದ್ದಳು.

“ಬಿಡಿ ಅತ್ತಿಗೆ,” ಎಂದ ಮೈದುನ. “ಕೊಂದವರ ಹೂವು ನಮಗ್ಯಾಕೆ?”

“ಹೂವಿಗಲ್ಲಪ್ಪ ನಾನು ಹಿಡಿದಿರೋದು. ಗಿರಾಕಿ ಬಟ್ಟೆ ಮೇಲೆ ನೀರು ಸೋರ್ತಾ ಇದೆ, ಮೊದ್ಲು ಈಚೆ ತೆಗಿ.”

ನಿಜಕ್ಕೂ ಸೋರುತ್ತಿತ್ತು. ಒಂದು ಶಾಲೆಯ ನಲವತ್ತು ಸಮವಸ್ತ್ರಗಳು, ಗುಂಡಿ ಹಾಕುವುದೊಂದು ಬಾಕಿ, ಕತ್ತರಿಸುವ ಮೇಜಿನ ಮೇಲೆ ಒಟ್ಟಿದ್ದವು. ಹೊಲಿಗೆ ಮಷೀನನ್ನು ಗೋಡೆಗೆ ಸರಿಸಿ, ಆ ಜಾಗದಲ್ಲಿ ಬಾಡಿಗೆಗೆ ತಂದ ಗಾಜಿನ ಮುಚ್ಚಳದ ತಣ್ಣನೆಯ ಪೆಟ್ಟಿಗೆ ಇಟ್ಟಿದ್ದರು. ಅದು ಗುಂಯ್ ಎನ್ನುತ್ತಿತ್ತು. ಬದುಕಿದ್ದಾಗ ಆ ಮನೆಯಲ್ಲಿ ಮಷೀನು ಗುಂಯ್ ಎನ್ನುತ್ತಿತ್ತು, ಅವನು ಮಾತಾಡುತ್ತಿದ್ದ. ಈಗ ಅವನೇ ಗುಂಯ್ ಎನ್ನುತ್ತಿದ್ದಾನೆ ಅಂತ ಹೊರಗೆ ನಿಂತ ಬಸ್ ಡ್ರೈವರುಗಳಲ್ಲಿ ಒಬ್ಬ ಹೇಳಿದ್ದು ಕಿಟಕಿಯಿಂದ ಒಳಗೆ ಕೇಳಿಸಿತು. ಯಾರೋ ಅವನಿಗೆ ತಿವಿದದ್ದೂ ಕೇಳಿಸಿತು.

ಸತ್ತವನನ್ನು ಎಲ್ಲರೂ ಮೈಕಣ್ಣ ಎನ್ನುತ್ತಿದ್ದರು. ಬಸ್ ನಿಲ್ದಾಣದ ಅನೌನ್ಸರ್. ಇಪ್ಪತ್ತಾರು ವರ್ಷ ‘ಪ್ರಯಾಣಿಕರ ಗಮನಕ್ಕೆ’ ಎಂದು ಕೂಗಿದವನಿಗೆ ಒಬ್ಬ ಪ್ರಯಾಣಿಕನೂ ಗಮನ ಕೊಟ್ಟಿರಲಿಲ್ಲ. ಆದರೆ ಅವನು ಒಂದು ದಿನ ರಜೆ ಹಾಕಿದರೆ ಅರ್ಧ ಊರು ತಪ್ಪು ಬಸ್ಸು ಹತ್ತುತ್ತಿತ್ತು. ಆಮೇಲೆ ನಿಲ್ದಾಣಕ್ಕೆ ರೆಕಾರ್ಡು ಮಾಡಿದ ಹೆಂಗಸಿನ ದನಿ ಬಂತು, ಇವನನ್ನು ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದರು. ಹೋದ ಮೊದಲ ದಿನವೇ ಅಲ್ಲಿನ ಪುಸ್ತಕದಲ್ಲಿ ‘ಒಂದು ಗಂಡು ದನಿ, ಬಳಸಿದ್ದು, ಸುಸ್ಥಿತಿಯಲ್ಲಿದೆ’ ಎಂದು ಬರೆದಿಟ್ಟನಂತೆ. ತನ್ನ ದನಿಗೆ ಗಿರಾಕಿ ಇಲ್ಲದ ಮೇಲೆ ಕಂಡವರ ದನಿಗಳನ್ನೆಲ್ಲ ಎತ್ತಿಕೊಳ್ಳತೊಡಗಿದ. ಡಿಪೊ ಮ್ಯಾನೇಜರನ ಕೆಮ್ಮು, ಬ್ಯಾಂಕಿನ ಹುಡುಗಿಯ ‘ಹೋಲ್ಡ್ ಮಾಡಿ’, ತಮ್ಮನ ಗೊರಕೆ. ಮನೆಗೆ ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೆಂಡತಿ ಒಬ್ಬಳು ನಗುತ್ತಿರಲಿಲ್ಲ. ಬೀದಿಯಲ್ಲಿ ಟೇಲರಮ್ಮ ಎಂದೇ ಹೆಸರಾದ ಅವಳು ಸದಾ ತುಟಿ ನಡುವೆ ಗುಂಡುಪಿನ್ನು ಕಚ್ಚಿರುತ್ತಿದ್ದಳು. ಪಿನ್ನು ಕಚ್ಚಿದವರು ನಕ್ಕರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಹನ್ನೊಂದಕ್ಕೆ ವ್ಯಾನು ಬರುವುದಿತ್ತು. ಚಿತಾಗಾರದಲ್ಲಿ ಹನ್ನೊಂದೂವರೆಗೆ ಸಮಯ ಕೊಟ್ಟಿದ್ದರು, ತಡವಾದರೆ ಮೂರು ಗಂಟೆಯ ತನಕ ಕಾಯಬೇಕು ಎಂದಿದ್ದರು. ಮೈದುನ ಪುಷ್ಪಚಕ್ರವನ್ನು ಹೊರಗೆ ಹಾಕಿ ಬಂದು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. ನಮ್ಮಣ್ಣನನ್ನು ಔಷಧಿ ಪ್ರಯೋಗದ ಇಲಿ ಮಾಡಿದರು; ಇಲಿಗಾದರೂ ಪಂಜರ ಇರುತ್ತೆ, ಇವನನ್ನು ಕೆಲಸ ಮುಗಿದ ಮೇಲೆ ಬೀದಿಗೆ ಬಿಟ್ಟರು. ಮೂರನೇ ಸಲ ಹೇಳಿದಾಗ ಟೇಲರಮ್ಮನಿಗೆ ತಡೆಯಲಾಗಲಿಲ್ಲ.

“ಇಲಿ ಹತ್ರ ಯಾರೂ ಸಹಿ ಹಾಕಿಸ್ಕೊಳ್ಳಲ್ಲ. ಅವರ ಹತ್ರ ಹಾಕಿಸ್ಕೊಂಡ್ರು. ಸಾಕ್ಷಿ ಜಾಗದಲ್ಲಿ ನಿನ್ನ ಸಹೀನೂ ಇದೆ.”

“ಹದಿನಾಲ್ಕು ಪುಟ ಇತ್ತು ಅತ್ತಿಗೆ. ಯಾರು ಓದ್ತಾರೆ?”

“ನಾನು ಓದಿದೆ,” ಎಂದಳು ಅವಳು.

ಅಷ್ಟರಲ್ಲಿ ಬಾಗಿಲಲ್ಲಿ ಹದಿನೇಳು ಕಾಣಿಸಿಕೊಂಡಳು. ಎರಡು ಕೈಯಲ್ಲಿ ಎರಡು ದೊಡ್ಡ ಚೀಲ, ತನ್ನ ಬೇಕರಿಯ ಬನ್ನು. ಹೆಣದ ಮನೆಯವರಿಗೆ ಹಸಿವಾಗುತ್ತದೆ ಎಂದು ತಂದಿದ್ದಳು. ಪ್ರಯೋಗದಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ನಂಬರಿನಿಂದಲೇ ಕರೆಯುತ್ತಿದ್ದರು. ಇವಳದು ಹದಿನೇಳು, ಮೈಕಣ್ಣನದು ಒಂಬತ್ತು. ಹದಿನೇಳರ ಕೆನ್ನೆ ಅವಳ ಬನ್ನಿನಂತೆಯೇ ಉಬ್ಬಿ ಹೊಳೆಯುತ್ತಿತ್ತು. ಟೇಲರಮ್ಮ ಆ ಕೆನ್ನೆ ನೋಡಿದಳು. ಗಾಜಿನ ಕೆಳಗಿದ್ದ ಕೆನ್ನೆ ನೋಡಿದಳು. ಚೀಲ ಇಸಿದುಕೊಳ್ಳಲಿಲ್ಲ. ಅಲ್ಲೆಲ್ಲಾದರೂ ಇಡಿ ಎಂದಳು. ಹದಿನೇಳು ಇಡಲು ಜಾಗ ಕಾಣದೆ ಚೀಲ ಹಿಡಿದೇ ನಿಂತಳು.

*

ಪ್ರಯೋಗಕ್ಕೆ ಸೇರಿದ್ದು ಇಪ್ಪತ್ತೆರಡು ಜನ. ಎಲ್ಲರಿಗೂ ಹೊಟ್ಟೆಯಲ್ಲಿ ಗಂಟು, ಬೇರೆ ಔಷಧಿಗಳೆಲ್ಲ ಕೈಬಿಟ್ಟವರು. ಕಂಪನಿಯ ಹೊಸ ಗುಳಿಗೆ, ಆಸ್ಪತ್ರೆಯ ದೊಡ್ಡ ಡಾಕ್ಟರ ಉಸ್ತುವಾರಿ. ತಿಂಗಳಿಗೆ ಒಂದು ಬಾಟಲಿ, ಬಾಟಲಿಗೆ ಮೂವತ್ತು ಗುಳಿಗೆ. ಮುಂದಿನ ಬಾಟಲಿ ಬೇಕಾದರೆ ಖಾಲಿ ಬಾಟಲಿಯನ್ನು ನೆಲಮಾಳಿಗೆಯ ಔಷಧಿ ಸ್ಟೋರಿನ ಕಿಟಕಿಗೆ ಹಿಂತಿರುಗಿಸಬೇಕು. ಅಲ್ಲಿ ಸ್ಟೋರಿನವನೊಬ್ಬ, ನಿವೃತ್ತಿಗೆ ಎರಡು ವರ್ಷ ಉಳಿದವನು, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮುಚ್ಚಳ ತೆಗೆದು ತಲೆಕೆಳಗು ಮಾಡಿ ಒಮ್ಮೆ ತಟ್ಟಿ, ಆಮೇಲೆ ಹೊಸದನ್ನು ಕೊಡುತ್ತಿದ್ದ. ಒಂದು ಗುಳಿಗೆ ಉಳಿದಿದ್ದರೂ ಯಾಕೆ ಉಳಿಯಿತು ಎಂದು ಬರೆದುಕೊಳ್ಳುತ್ತಿದ್ದ.

ಇಪ್ಪತ್ತೆರಡರಲ್ಲಿ ಐವರಿಗೆ ಗುಳಿಗೆ ಹಿಡಿಸಿತು. ಮೈಕಣ್ಣ ನಾಲ್ಕು ತಿಂಗಳಲ್ಲಿ ಊರುಗೋಲು ಬಿಟ್ಟ. ಆರನೆಯ ತಿಂಗಳು ಕೆಲಸಕ್ಕೆ ಹೋಗಿ ಕಳೆದುಹೋದ ಕೊಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದ. ಟೇಲರಮ್ಮ ಅವನ ಪ್ಯಾಂಟಿನ ಸೊಂಟ ಎರಡು ಸಲ ಹಿಡಿದು ಹೊಲಿದಿದ್ದವಳು ಎರಡು ಸಲ ಬಿಚ್ಚಿ ಸಡಿಲಿಸಿದಳು. ಅವಳಿಗೆ ಅದಕ್ಕಿಂತ ದೊಡ್ಡ ಸ್ಕ್ಯಾನ್ ವರದಿ ಬೇಕಿರಲಿಲ್ಲ.

ಹದಿನಾಲ್ಕನೆಯ ತಿಂಗಳು ಐವರನ್ನೂ ಕರೆಸಿ ಒಂದು ಕೋಣೆಯಲ್ಲಿ ಕೂರಿಸಿದರು. ಟೀ, ಬಿಸ್ಕತ್ತು ಇಟ್ಟಿದ್ದರು. ದೊಡ್ಡ ಡಾಕ್ಟರು ನಿಂತೇ ಮಾತಾಡಿದರು. ಅವರ ಮಾತು ಮೂಗಿನಿಂದ ಹೊರಟು, ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿಕೊಳ್ಳುತ್ತಿತ್ತು. ಬರೀ ಐದು ಜನಕ್ಕೆ ಹಿಡಿಸುವ ಗುಳಿಗೆಯನ್ನು ಮಾರುಕಟ್ಟೆಗೆ ತರುವುದಿಲ್ಲ ಎಂದು ಕಂಪನಿ ತೀರ್ಮಾನಿಸಿದೆ, ಉಳಿದ ಬಾಟಲಿಗಳನ್ನು ಅವರೇ ಬಂದು ಸುಡಿಸುತ್ತಾರೆ ಎಂದರು. “ಪ್ರಯೋಗ ಮುಗೀತು. ಸಹಕಾರಕ್ಕೆ ಧನ್ಯವಾದ. ಅರ್ಥ ಆಯ್ತಾ, ಆಯ್ತು.”

“ನಾಳೆಯಿಂದ ನಾವೇನು ತಗೊಳ್ಳೋದು?” ಎಂದು ಹದಿನೇಳು ಕೇಳಿದಳು.

“ಟೀ ತಗೊಳ್ಳಿ,” ಎಂದು ಡಾಕ್ಟರು ಫೋನು ನೋಡುತ್ತ ಹೊರಟರು.

ಟೇಲರಮ್ಮ ಒಪ್ಪಿಗೆ ಪತ್ರದ ಹನ್ನೆರಡನೇ ಪುಟ ಹಿಡಿದುಕೊಂಡು ಅವರ ಕೋಣೆಗೆ ಮೂರು ದಿನ ಅಲೆದಳು. ಗುಳಿಗೆಯಿಂದ ಉಪಯೋಗವಾಗುತ್ತಿದೆ, ನಿಲ್ಲಿಸಬಾರದು ಎಂದು ವೈದ್ಯರು ಬರೆದುಕೊಟ್ಟಲ್ಲಿ ಪ್ರಯೋಗದ ನಂತರವೂ ಕಂಪನಿ ಪೂರೈಕೆ ಮುಂದುವರಿಸುವುದು ಎಂದು ಅಲ್ಲಿ ಅಚ್ಚಾಗಿತ್ತು. ಬರೆಯಬೇಕಾದದ್ದು ನಾಲ್ಕು ಸಾಲು. ಮೂರನೇ ದಿನ ಡಾಕ್ಟರು ಆ ಪುಟ ನೋಡಿದರು. ಬರೆಯುವುದು ಬಿಡುವುದು ವೈದ್ಯರ ವಿವೇಚನೆ, ಅದೇ ಕಂಪನಿಯ ಇನ್ನೊಂದು ಪ್ರಯೋಗ ಬರುವುದಿದೆ, ಈಗ ಕಾಗದ ಬರೆದು ಅವರಿಗೆ ಕಿರಿಕಿರಿ ಮಾಡಲಾಗದು ಎಂದರು. ನೀವು ಹೊಲಿಗೆಯವರಲ್ಲವೇ, ಇಷ್ಟೆಲ್ಲ ಯಾಕೆ ಓದುತ್ತೀರಿ ಎಂದೂ ಕೇಳಿದರು. ಮನೆಗೆ ಬಂದು ಅವಳು ಅದನ್ನು ಹೇಳಿದಾಗ ಮೈಕಣ್ಣ ಪೂರ್ತಿ ಕೇಳಿಸಿಕೊಂಡ. ಯಾವ ಪದ ಮೂಗಿನಲ್ಲಿ ಬಂತು, ಯಾವುದು ಗಂಟಲಲ್ಲಿ ಬಂತು ಎಂದಷ್ಟೇ ಕೇಳಿದ.

*

ಹತ್ತೂಕಾಲಿಗೆ ಮನೆ ಮುಂದೆ ಕಾರು ನಿಂತಿತು. ದೊಡ್ಡ ಡಾಕ್ಟರು ಇಳಿದರು. ಹಿಂದಿನ ಬಾಗಿಲಿನಿಂದ ಸ್ಟೋರಿನವನು, ಬಟ್ಟೆಯ ಚೀಲವೊಂದನ್ನು ಎದೆಗವಚಿಕೊಂಡು, ಒಂದು ಕಾಲು ಎಳೆಯುತ್ತ ಇಳಿದ. ಡ್ರೈವರುಗಳು ದಾರಿ ಬಿಟ್ಟರು, ನಮಸ್ಕಾರ ಮಾತ್ರ ಯಾರೂ ಮಾಡಲಿಲ್ಲ. ಮೈದುನ ತೋಳು ಮಡಿಸಿ ಬಾಗಿಲಿಗೆ ಅಡ್ಡ ನಿಂತ. ಟೇಲರಮ್ಮ ಒಳಗಿನಿಂದಲೇ, ಬರಲಿ ಬಿಡು, ಕೊನೆಯ ತಪಾಸಣೆ ಮಾಡಿಕೊಂಡು ಹೋಗಲಿ ಎಂದಳು.

ಡಾಕ್ಟರು ಗಾಜಿನೊಳಗೆ ಥರ್ಮಾಮೀಟರು ಓದುವಷ್ಟು ಹೊತ್ತು ನೋಡಿದರು. ದುಃಖದ ವಿಷಯ ಎಂದರು. ಆಮೇಲೆ ಜೇಬಿನಿಂದ ಮಡಿಸಿದ ಕಾಗದ ತೆಗೆದರು.

ವಿಷಯ ಇಷ್ಟು. ಏಳು ತಿಂಗಳು ತಡಮಾಡಿದ ಕಂಪನಿಯವರು ನಿನ್ನೆ ಕೊನೆಗೂ ಬಂದು ಸ್ಟೋರಿನ ಪೆಟ್ಟಿಗೆಗಳನ್ನು ತೆಗೆಸಿದ್ದರು. ಮೂವತ್ತೆರಡು ಬಾಟಲಿ ಕಡಿಮೆ. ಉಳಿದದ್ದನ್ನು ನಾಳೆ ಬೆಳಗ್ಗೆ ಸುಡಿಸಿ ವರದಿ ಬರೆಯುತ್ತಾರೆ. ಇವನು ಕದ್ದು ಹೊರಗೆ ಮಾರಿದ್ದಾನೆ ಎಂದು ಡಾಕ್ಟರು ಸ್ಟೋರಿನವನ ಕಡೆ ತಿರುಗದೆಯೇ ಹೆಬ್ಬೆರಳಿನಲ್ಲಿ ಅವನನ್ನು ತೋರಿಸಿದರು. ಹೋದ ತಿಂಗಳು ತಾವೊಂದು ವೈದ್ಯರ ಸಭೆಯಲ್ಲಿ ಮಾತಾಡಿದ್ದರಂತೆ: ಗುಳಿಗೆ ನಿಲ್ಲಿಸಿ ಇಷ್ಟು ತಿಂಗಳಾದರೂ ನಾಲ್ವರಿಗೆ ರೋಗ ಮರುಕಳಿಸಿಲ್ಲ, ಜೀವಮಾನವಿಡೀ ಕೊಡುವ ಅಗತ್ಯವೇ ಇಲ್ಲ ಎಂದು. ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಈಗ ಆ ಬಾಟಲಿಗಳು ರೋಗಿಗಳ ಮನೆಗೇ ಹೋಗಿವೆ ಎಂದು ಯಾರಾದರೂ ಗುಲ್ಲೆಬ್ಬಿಸಿದರೆ ಸಭೆಯ ಮಾತಿಗೆ ಮಸಿ. ಆದ್ದರಿಂದ ಒಂದು ಸಾಲು, ಕೆಳಗೊಂದು ಸಹಿ. ಉಳಿದ ನಾಲ್ವರ ಹತ್ತಿರವೂ ಇವತ್ತೇ ಹಾಕಿಸುತ್ತಾರೆ.

ಟೇಲರಮ್ಮ ಕಾಗದ ಓದಿದಳು. ‘ಪ್ರಯೋಗ ಮುಗಿದ ಮೇಲೆ ಒಂಬತ್ತನೇ ನಂಬರಿನವರಿಗೆ ಒಂದು ಗುಳಿಗೆಯೂ ಸಿಕ್ಕಿಲ್ಲ.’

“ನೀವೇ ಫೋನ್ ಮಾಡಿದ್ರಿ ಸಾರ್,” ಎಂದ ಸ್ಟೋರಿನವನು ಗೋಡೆ ನೋಡುತ್ತ.

“ನೀನು ಬಾಯಿ ಮುಚ್ಚು.” ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದರು. “ಸಹಿ ಹಾಕೋದು ನಿಮಗೂ ಒಳ್ಳೇದು ಮೇಡಂ. ಈ ಮನೇಲಿ ಒಂದು ಖಾಲಿ ಬಾಟಲಿ ಸಿಕ್ಕಿದ್ರೂ ಕಳವಿನ ಮಾಲು ಅಂತಾರೆ. ಹೆಣ ಹೊರಡೋ ಹೊತ್ತಿಗೆ ಪೊಲೀಸ್ ಬಂದ್ರೆ ಚೆನ್ನಾಗಿರಲ್ಲ. ಅರ್ಥ ಆಯ್ತಾ, ಆಯ್ತು.”

ಕಿಟಕಿಯಾಚೆ ಒಬ್ಬ ಡ್ರೈವರು ಕೆಮ್ಮಿದ. ಆ ‘ಆಯ್ತಾ, ಆಯ್ತು’ವನ್ನು ಅವರೆಲ್ಲ ಮೈಕಣ್ಣನ ಬಾಯಲ್ಲಿ ನೂರು ಸಲ ಕೇಳಿದವರು.

ಟೇಲರಮ್ಮ ಪೆನ್ನು ತೆಗೆದುಕೊಂಡಳು. ಸಹಿ ಹಾಕಿದರೆ ಗಂಡನ ಹೆಸರು ಉಳಿಯುತ್ತದೆ, ಹನ್ನೊಂದಕ್ಕೆ ವ್ಯಾನು ಹೊರಡುತ್ತದೆ. ನಾಳೆ ಬಾಟಲಿಗಳು ಉರಿಯುತ್ತವೆ. ಸ್ಟೋರಿನವನು ಕಳ್ಳನಾಗಿ ಮನೆಗೆ ಹೋಗುತ್ತಾನೆ. ಹದಿನೇಳಕ್ಕೆ ಇನ್ನೆರಡು ಮೂರು ತಿಂಗಳಿಗೆ ಈ ಕೆನ್ನೆ ಇರುವುದಿಲ್ಲ. ಇರದಿದ್ದರೆ ಏನಂತೆ, ಎಂದಿತು ಅವಳೊಳಗಿನ ಒಂದು ದನಿ. ಅದನ್ನು ಮಾತ್ರ ಅವಳು ಯಾರಿಂದಲೂ ಎರವಲು ತಂದಿರಲಿಲ್ಲ. ನನ್ನವನಿಗೆ ಕೈಕೊಟ್ಟ ಗುಳಿಗೆ ಇವಳಿಗೆ ಯಾಕೆ ನಿಯತ್ತಾಗಿರಬೇಕು?

ಹದಿನೇಳು ಹತ್ತಿರ ಬಂದಳು. “ನೀವು ಸಹಿ ಹಾಕಿದ್ರೂ ನಾನು ತಪ್ಪು ತಿಳಿಯಲ್ಲ ಅಕ್ಕ.”

“ತಿಳೀರಿ,” ಎಂದಳು ಟೇಲರಮ್ಮ. “ಪುಣ್ಯಾತ್ಗಿತ್ತಿ ಥರ ಆಡಬೇಡಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಕಾಲು ಹಿಡ್ಕೊಂಡಿರ್ತಿದ್ದೆ.”

*

ಟೀ ಬಿಸ್ಕತ್ತಿನ ಸಭೆಯಾದ ಮುಂದಿನ ಮಂಗಳವಾರ, ಮಧ್ಯಾಹ್ನ ಒಂದು ಗಂಟೆ. ಡಾಕ್ಟರು ಊಟಕ್ಕೆ ಹೋಗುವ ಹೊತ್ತು. ಮೈಕಣ್ಣ ಕತ್ತರಿಸುವ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ನಂಬರು ಒತ್ತಿದ. ಸ್ಟೋರಿನ ಫೋನು ಹಳೆಯದು, ಕರೆ ಎಲ್ಲಿಂದ ಬಂತು ಎಂದು ತೋರಿಸುತ್ತಿರಲಿಲ್ಲ. ಟೇಲರಮ್ಮ ಮಷೀನು ನಿಲ್ಲಿಸಿದಳು.

“ಸ್ಟೋರಾ? ನಾನು. ಆ ಐದು ಜನಕ್ಕೆ ಬಾಟಲಿ ಕೊಡ್ತಾ ಇರು. ಕಾಗದ ಆಮೇಲೆ. ಅರ್ಥ ಆಯ್ತಾ, ಆಯ್ತು.”

ಅವಳು ಕಚ್ಚಿದ್ದ ಪಿನ್ನನ್ನು ಬಾಯಿಂದ ತೆಗೆದಳು. ಕಣ್ಣು ಮುಚ್ಚಿದರೆ ಕೋಣೆಯಲ್ಲಿ ಡಾಕ್ಟರಿದ್ದರು. ಸಿಕ್ಕಿಹಾಕಿಕೊಂಡರೆ ಏನು ಗತಿ ಎಂದು ಅವಳು ರೇಗಿದಳು.

“ಸಿಕ್ಕಿಹಾಕ್ಕೊಳ್ಳೋದು ದನಿ ತಾನೆ? ದನಿ ಅವರದ್ದು,” ಎಂದ ಅವನು.

ದೊಡ್ಡ ಡಾಕ್ಟರ ಆಸ್ಪತ್ರೆಯಲ್ಲಿ ಅದು ನಡೆಯುತ್ತಿದ್ದದ್ದೇ ಹಾಗೆ. ಅವರು ಕಾಗದ ಬರೆಯುವವರಲ್ಲ, ಫೋನಿನಲ್ಲಿ ಹೇಳಿ ಕರೆ ಕತ್ತರಿಸಿಬಿಡುವವರು. ತಿರುಗಿ ಕೇಳಿದ ನರ್ಸುಗಳು ಬೇರೆ ವಾರ್ಡಿಗೆ ಹೋಗಿದ್ದರು. ಹಾಗಾಗಿ ಸ್ಟೋರಿನವನು ಕೇಳಲಿಲ್ಲ. ಐವರೂ ಬಾಟಲಿ ತಂದರು. ಮೈಕಣ್ಣ ಉಳಿದವರಿಗೆ ಅಷ್ಟೇ ಹೇಳಿದ್ದ: ಕಿಟಕಿಯಲ್ಲಿ ಕೊಡುವುದನ್ನು ತೆಗೆದುಕೊಳ್ಳಿ, ಡಾಕ್ಟರ ಮುಂದೆ ಬಾಯಿ ಬಿಡಬೇಡಿ, ಅವರಿಗೆ ಉಪಕಾರ ಮಾಡಿದ್ದು ಹೊರಗೆ ಗೊತ್ತಾದರೆ ನಾಚಿಕೆಯಾಗುತ್ತದೆ. ನಿಜ ಗೊತ್ತಿದ್ದದ್ದು ಹದಿನೇಳಕ್ಕೆ ಮಾತ್ರ. ಅವಳು ಬನ್ನು ಕೊಡಲು ಬಂದಿದ್ದಾಗ ಅವನು ಫೋನಿನಲ್ಲಿದ್ದ.

ನಾಲ್ಕು ತಿಂಗಳಿಗೆ ಅವನ ಹೊಟ್ಟೆಯ ಗಂಟು ಮತ್ತೆ ಬೆಳೆಯಿತು. ಗುಳಿಗೆ ನುಂಗುತ್ತಲೇ ಇದ್ದ, ಗಂಟು ಅದಕ್ಕೆ ಸೊಪ್ಪು ಹಾಕಲಿಲ್ಲ. ಹೊರಗಿನ ಡಾಕ್ಟರೊಬ್ಬರು ನೋಡಿ, ಕೆಲವರಿಗೆ ಹೀಗಾಗುತ್ತದೆ, ಇನ್ನು ಇದು ನಿಮಗೆ ಕೆಲಸ ಮಾಡುವುದಿಲ್ಲ ಎಂದರು. ಅವನು ಬಾಟಲಿ ತರುವುದನ್ನು ಬಿಟ್ಟ. ಫೋನು ಮಾಡುವುದನ್ನು ಬಿಡಲಿಲ್ಲ.

ಅವತ್ತು ಅವಳು ಕೂಗಾಡಿದಳು. ನಿನಗಿಲ್ಲದ್ದು ಊರವರಿಗ್ಯಾಕೆ, ಯಾರ ಮನೆ ಉಳಿಸೋಕೆ ಜೈಲಿಗೆ ಹೋಗ್ತೀಯ, ಆ ಬೇಕರಿಯವಳೇನು ನಿನ್ನ ಒಡಹುಟ್ಟಿದವಳಾ ಎಂದಳು. ಅವನು ತನ್ನದೇ ದನಿಯಲ್ಲಿ ಉತ್ತರಿಸಿದ. ಆ ದನಿ ಕೇಳಿ ತುಂಬ ದಿನವಾಗಿತ್ತು.

“ನಾನು ಇಳಿದೆ ಅಂತ ಬಸ್ಸು ನಿಲ್ಲಿಸಿಬಿಡ್ತಾರೇನೇ?”

ಕೊನೆಯ ಕರೆ ಒಂಬತ್ತು ದಿನದ ಹಿಂದೆ. ಅವಳೇ ಫೋನನ್ನು ಅವನ ಬಾಯಿಗೆ ಹಿಡಿದಳು. ಎರಡು ಪದಕ್ಕೊಮ್ಮೆ ಉಸಿರು. ಸಾರ್, ಶೀತ ಆಗಿದೆಯಾ ಎಂದು ಆ ಕಡೆಯಿಂದ ಕೇಳಿಸಿತು. ಅವನು ಆಗಿದೆ ಎಂದ. ಮಾತು ಮುಗಿದ ಮೇಲೆ ಮೂಗಿನ ದನಿ ಅವನ ಗಂಟಲಲ್ಲೇ ಉಳಿದುಬಿಟ್ಟಿತು. ನೀರು ಕೊಡು ಎಂದದ್ದೂ ಅದೇ ದನಿಯಲ್ಲಿ. ಅವಳಿಗೆ ಅವತ್ತು ಡಾಕ್ಟರ ಮೇಲೆ ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಗಂಡನ ಕೊನೆಯ ದಿನಗಳ ದನಿಯನ್ನೂ ಅವರೇ ತೆಗೆದುಕೊಂಡು ಹೋಗಿದ್ದರು.

*

“ಮೇಡಂ, ನನಗೆ ಹನ್ನೊಂದಕ್ಕೆ ಮೀಟಿಂಗಿದೆ,” ಎಂದರು ಡಾಕ್ಟರು.

“ನಮ್ಮನೆಯವರಿಗೂ ಇದೆ,” ಎಂದಳು ಟೇಲರಮ್ಮ. ಪೆನ್ನನ್ನು ಕಾಗದದ ಮೇಲಿಟ್ಟು ಎರಡನ್ನೂ ಅವರಿಗೆ ಹಿಂತಿರುಗಿಸಿದಳು. “ಇದು ಸುಳ್ಳು. ಸಿಕ್ಕಿದೆ. ಅವರಿಗೆ ನಾಲ್ಕು ತಿಂಗಳು, ಉಳಿದ ನಾಲ್ವರಿಗೆ ಏಳು ತಿಂಗಳು.”

“ಅಂದ್ರೆ ಇವನು ಮನೆ ಮನೆಗೆ ಮಾರಿದ್ದು ನಿಜ.”

“ಇವರು ಮಾರಿಲ್ಲ. ಇವರಿಗೆ ಫೋನ್ ಬಂದದ್ದೂ ನಿಜ, ನಿಮ್ಮ ದನಿ ಕೇಳಿದ್ದೂ ನಿಜ.” ಅವಳು ಸ್ಟೋರಿನವನ ಕಡೆ ತಿರುಗಿದಳು. ಕ್ಷಮೆ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ, ಅಳತೆ ತಪ್ಪಿದ ರವಿಕೆಗೂ ಗಿರಾಕಿಯ ಮೈಯನ್ನೇ ದೂರುವವಳು. “ಅಣ್ಣ, ನಿಮಗೆ ಮೋಸ ಮಾಡಿದ್ದು ಡಾಕ್ಟರಲ್ಲ. ಅಲ್ಲಿ ಮಲಗಿದ್ದಾರಲ್ಲ, ಅವರು. ಇದೇ ಮೇಜಿನ ಮೇಲೆ ಕೂತು ಮಾಡ್ತಿದ್ರು. ನಾನೂ ನೋಡ್ತಾ ಇದ್ದೆ.”

ಮೈದುನ ಮಡಿಸಿದ್ದ ತೋಳು ಬಿಚ್ಚಿದ. ಡಾಕ್ಟರು ಗಾಜಿನ ಪೆಟ್ಟಿಗೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದರು. ಸಾಧ್ಯವಿಲ್ಲ ಎಂದರು. ಹತ್ತೊಂಬತ್ತು ವರ್ಷ ತನ್ನ ಕೈಕೆಳಗೆ ಕೆಲಸ ಮಾಡಿದವನು ತನ್ನ ದನಿ ಗುರುತಿಸದೆ ಬಸ್ ಸ್ಟ್ಯಾಂಡಿನವನ ದನಿಗೆ ಮೋಸ ಹೋದನೆಂದರೆ ನಂಬುವವರು ಯಾರು ಎಂದರು.

ಸ್ಟೋರಿನವನು ಚೀಲ ಅವಚಿಕೊಂಡೇ ಪೆಟ್ಟಿಗೆಯ ಹತ್ತಿರ ಬಂದ. ಮೈಕಣ್ಣನ ಮುಖವನ್ನು, ಕಿಟಕಿಗೆ ಬಂದ ಬಾಟಲಿಯನ್ನು ನೋಡುವಂತೆ, ಬೆಳಕಿಗೆ ಬಗ್ಗಿ ನೋಡಿದ.

“ಏಳು ತಿಂಗಳೂ ಇವರೇನಾ?”

“ಏಳೂ.”

“ನನ್ನ ಮಂಡಿ ಹೇಗಿದೆ ಅಂತ ಕೇಳಿದ್ದು?”

ಟೇಲರಮ್ಮನಿಗೆ ಅದು ಗೊತ್ತಿರಲಿಲ್ಲ. ಬಾಟಲಿ ಕೊಡು ಎಂದ ಮೇಲೆ ಅವಳು ಮತ್ತೆ ಮಷೀನು ತುಳಿಯಲು ಶುರುಮಾಡುತ್ತಿದ್ದಳು. ಆಮೇಲಿನದು ಅವಳಿಗೆ ಕೇಳಿಸುತ್ತಿರಲಿಲ್ಲ.

ಸ್ಟೋರಿನವನು ಡಾಕ್ಟರ ಕಡೆ ತಿರುಗಿ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿ ಮಾತಾಡಿದ. “ಯಾವಾಗ್ಲೂ ನಾನು ‘ಸಾ’ ಅನ್ನೋಷ್ಟರಲ್ಲಿ ನೀವು ಫೋನ್ ಇಟ್ಟಿರ್ತಿದ್ರಿ ಸಾರ್. ‘ರ್’ ಯಾವತ್ತೂ ಹೇಳಿಲ್ಲ ನಾನು. ಈ ಏಳು ತಿಂಗಳು ನಿಂತು ಕೇಳ್ತಿದ್ರಿ. ಮಂಡಿ ಹೇಗಿದೆ, ಸ್ಟೂಲ್ ತರಿಸ್ಕೊ, ಎದ್ದು ನಿಂತು ಫೋನ್ ಎತ್ತಬೇಡ ಅಂತ. ಸಾಹೇಬರಿಗೂ ವಯಸ್ಸಾಯ್ತು, ಮನುಷ್ಯರಾದ್ರು ಅಂತ ಮನೇಲಿ ಹೇಳಿದೆ. ನನ್ನ ಹೆಂಡತಿ ನಿಮ್ಮನ್ನ ಬೈಯೋದೇ ಬಿಟ್ಟಿದ್ಳು. ನಿನ್ನೆ ನೀವು ಫೋನೇ ಮಾಡಿಲ್ಲ ಅಂದಾಗ ನೌಕರಿ ಹೋಗುತ್ತೆ ಅಂತ ಅಳಲಿಲ್ಲ ನಾನು. ಮಂಡಿ ವಿಚಾರಿಸಿದವರೇ ಹೀಗೆ ಮಾಡಿದ್ರಲ್ಲಾ ಅಂತ ಅತ್ತೆ.”

ಇಲ್ಲಿಗೆ ಬಂದಾಗ ಅವನ ದನಿ ಒಡೆಯಿತು. ಅಳು ಎಂದುಕೊಂಡು ಹದಿನೇಳು ಹಿಡಿದುಕೊಳ್ಳಲು ಹೋದಳು. ಅಳುವಲ್ಲ. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು.

“ಇದು ಅಪರಾಧ,” ಎಂದರು ಡಾಕ್ಟರು. “ಸತ್ತವನನ್ನ ಬಿಡ್ತಾರೆ. ಕಾಗದ ಇಲ್ಲದೆ ಕೊಟ್ಟವನನ್ನ ಬಿಡಲ್ಲ.”

ಸ್ಟೋರಿನವನು ನಗುತ್ತಲೇ ಚೀಲದಿಂದ ಉದ್ದನೆಯ ಪುಸ್ತಕ ತೆಗೆದ. ಕಾಗದ ಇದೆ ಎಂದ. ಬಾಯಿಮಾತಿನ ಆದೇಶ ಬಂದಾಗಲೆಲ್ಲ ತಾರೀಕು, ಹೊತ್ತು, ಏನು ಕೊಟ್ಟೆ, ಯಾರು ಹೇಳಿದರು ಎಂದು ಬರೆದು, ತಿಂಗಳ ಕೊನೆಗೆ ಪುಸ್ತಕವನ್ನು ಡಾಕ್ಟರ ಮೇಜಿಗೆ ಕಳಿಸುವುದು, ಅವರ ಸಹಿಯಾಗಿ ಮರುದಿನ ವಾಪಸು ಬರುವುದು ಸ್ಟೋರಿನ ಪದ್ಧತಿ. ಏಳು ಕಡೆ ಒಂದೇ ಸಾಲು ಇತ್ತು: ‘ಐವರಿಗೆ ಬಾಟಲಿ, ಫೋನಿನಲ್ಲಿ ದೊಡ್ಡ ಡಾಕ್ಟರು.’ ಐದನೆಯದರಿಂದ ಐವರು ಹೋಗಿ ನಾಲ್ವರಾಗಿತ್ತು. ಏಳು ಪುಟದ ಕೆಳಗೂ ಮೂಗಿನಂತೆ ಉದ್ದ ಎಳೆದ ಸಹಿ, ಡಾಕ್ಟರ ಸ್ವಂತದ್ದು.

ಡಾಕ್ಟರು ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

“ಓದದೆ ಸಹಿ ಹಾಕೋದು ನಮ್ಮಂಥವರ ಕೆಲಸ ಅಂದ್ಕೊಂಡಿದ್ದೆ,” ಎಂದ ಮೈದುನ.

ಹೊರಗೆ ಡ್ರೈವರುಗಳಿಗೆ ಸುದ್ದಿ ಮುಟ್ಟಿತ್ತು. ನಗು ಕಿಟಕಿಯಿಂದ ಕಿಟಕಿಗೆ ಹರಿಯಿತು. ಟೇಲರಮ್ಮ ನಗಲಿಲ್ಲ. ಡಾಕ್ಟರ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು ಮಗುಚಿದಳು. ಹಿಂಬದಿ ಖಾಲಿ ಇತ್ತು.

“ನಾಲ್ಕು ಸಾಲು ಬರೀರಿ. ಗುಳಿಗೆಯಿಂದ ಈ ನಾಲ್ವರಿಗೆ ಉಪಯೋಗ ಆಗ್ತಾ ಇದೆ, ನಿಲ್ಲಿಸಬಾರದು, ಪ್ರಯೋಗ ಮುಗಿದ ಮೇಲೂ ಕೊಟ್ಟಿದ್ದಕ್ಕೇ ಚೆನ್ನಾಗಿದ್ದಾರೆ ಅಂತ. ಸಭೇಲಿ ಹೇಳಿದ್ದು ತಪ್ಪು ಅಂತಾನೂ ಸೇರಿಸಿ. ಇಲ್ದಿದ್ರೆ ನಿಮ್ಮ ಮಾತು ನಂಬಿ ಎಲ್ಲಿ ಎಷ್ಟು ಜನಕ್ಕೆ ಗುಳಿಗೆ ನಿಲ್ಲಿಸ್ತಾರೋ. ಬರೆದ್ರೆ ಆ ಫೋನ್ ಮಾಡಿದ್ದು ನೀವು. ಬರೀದಿದ್ರೆ ಏಳು ತಿಂಗಳು ನಿಮ್ಮ ವಾರ್ಡು ನಡೆಸಿದ್ದು ನನ್ನ ಗಂಡ. ಯಾವ್ದು ಬೇಕೋ ಆರಿಸ್ಕೊಳ್ಳಿ.”

“ನಾನು ಬರೆದ್ರೂ ಕಂಪನಿ ಒಪ್ಪುತ್ತೆ ಅಂತ ಏನು ಗ್ಯಾರಂಟಿ?”

“ಏನೂ ಇಲ್ಲ. ಮೊದ್ಲು ನೀವು ಬರೀರಿ, ಆಮೇಲೆ ಅವರ ಬಾಗಿಲಿಗೆ ಹೋಗ್ತೀವಿ.”

ವ್ಯಾನು ಹತ್ತು ನಿಮಿಷ ಮುಂಚೆಯೇ ಬಂದು ಹಾರನ್ ಹೊಡೆಯಿತು. ಡ್ರೈವರುಗಳು ಒಳನುಗ್ಗಿ, ಗಾಜು ತೆಗೆದು, ಮೈಕಣ್ಣನನ್ನು ಎತ್ತಿಕೊಂಡರು. ಇಷ್ಟು ಹಗುರವಾಗಿದ್ದಾನಲ್ಲ ಎಂದು ಒಬ್ಬ ಮೆಲ್ಲಗೆ ಹೇಳಿದ. ಟೇಲರಮ್ಮ ಹಿಂದೆಯೇ ನಡೆದು ವ್ಯಾನಿನೊಳಗೆ, ಅವನ ತಲೆಯ ಹತ್ತಿರದ ಬೆಂಚಿನ ಮೇಲೆ ಕೂತಳು. ಹಿಂದಿನ ಬಾಗಿಲು ಇನ್ನೂ ತೆರೆದೇ ಇತ್ತು.

ಡಾಕ್ಟರು ಕಾಗದ ಪೆನ್ನು ಹಿಡಿದು ಬೀದಿಗೆ ಬಂದಿದ್ದರು. ಒಳಗಿನ ಮೇಜಿನ ತುಂಬ ಸಮವಸ್ತ್ರ, ಬೀದಿಯಲ್ಲಿ ಮೇಜಿಲ್ಲ. ಕಾರಿನ ಬಾನೆಟ್ಟಿನ ಮೇಲೆ ಹದಿನೇಳು ಕೊನೆಗೂ ಜಾಗ ಹಿಡಿದು ಬನ್ನಿನ ಚೀಲ ಬಿಚ್ಚಿದ್ದಳು. ಸುತ್ತ ಜನ ಮುತ್ತಿದ್ದರು. ಡಾಕ್ಟರು ಅತ್ತ ಇತ್ತ ನೋಡಿದರು. ಆಗ ಸ್ಟೋರಿನವನು ಎರಡೂ ಕೈಯನ್ನು ಮಂಡಿಯ ಮೇಲೂರಿ, ಅವರ ಮುಂದೆ ಬೆನ್ನು ಬಗ್ಗಿಸಿ ನಿಂತ.

“ಇಲ್ಲೇ ಇಟ್ಕೊಂಡು ಬರೀರಿ ಸಾರ್.”

ಡಾಕ್ಟರು ಆ ಬೆನ್ನನ್ನು ನೋಡಿದರು. ಆಮೇಲೆ ಕಾಗದವನ್ನು ಅದರ ಮೇಲೆ ಹರಡಿ, ಎಡಗೈಯಲ್ಲಿ ಒತ್ತಿ ಹಿಡಿದು, ಬರೆಯಲು ಶುರುಮಾಡಿದರು. ಮೊದಲ ಸಾಲು ಅರ್ಧವಾಗುವಷ್ಟರಲ್ಲಿ ಬೆನ್ನು ಕುಲುಕಿತು, ಪೆನ್ನು ಜಾರಿತು. ಅವರು ಪೆನ್ನೆತ್ತಿ ಕಾದರು. ಬೆನ್ನು ನಿಂತಿತು. ಬರೆದರು. ಮತ್ತೆ ಕುಲುಕಿತು. ಡ್ರೈವರುಗಳು ನಗುತ್ತಿದ್ದರು, ಮೈದುನ ನಗುತ್ತಿದ್ದ, ಬನ್ನು ಹಂಚುತ್ತಿದ್ದ ಹದಿನೇಳು ಕೆನ್ನೆ ಒರೆಸಿಕೊಂಡು ನಗುತ್ತಿದ್ದಳು. ವ್ಯಾನಿನವನು ಹೊತ್ತಾಯಿತೆಂದು ಹಾರನ್ ಒತ್ತಿ ಹಿಡಿದ. ಅಷ್ಟೂ ಸದ್ದಿನ ಮೇಲೆ, ನೆಲ ನೋಡುತ್ತ ಬಗ್ಗಿ ನಿಂತವನ ನಗು ಕೇಳಿಸುತ್ತಿತ್ತು. ಡಾಕ್ಟರು ಅದು ಮುಗಿಯಲೆಂದು ಪೆನ್ನೆತ್ತಿ ನಿಂತಿದ್ದರು.